ಕೀರ್ತಿಯ ಲೆಕ್ಕ: ಟ್ಯೂಬಿಂಗನ್ ವಿಶ್ವವಿದ್ಯಾನಿಲಯ ಮತ್ತು ಭಾರತೀಯ ವಿದ್ಯೆಯ ಸಹಭಾಗಿಗಳು

ವಿಶ್ವವಿದ್ಯಾನಿಲಯಗಳ ಜಾಗತಿಕ ಕೀರ್ತಿಯನ್ನು ಶ್ರೇಯಾಂಕಪಟ್ಟಿಗಳಿಂದ ಅಳೆಯುವುದು ಇಂದಿನ ರೂಢಿ. ಹೊರದೇಶದ ವಿದ್ವಾಂಸರೊಡಗೂಡಿ ಪ್ರಕಟಿಸಿದ ಸಂಶೋಧನೆಗೆ ಅಂಥ ಪಟ್ಟಿಗಳಲ್ಲಿ ಪ್ರತ್ಯೇಕ ಅಂಕಗಳನ್ನು ಕೊಡುವುದೂ ಉಂಟು. ನಮ್ಮ ದೈವಶಾಸ್ತ್ರೀಯ ವಿದ್ಯಾಸಂಸ್ಥೆಗಳೂ ಈ ಗಾಳಿಯಿಂದ ಹೊರತಾಗಿಲ್ಲ. ಹೊರದೇಶದ ವಿದ್ಯಾಪೀಠಗಳೊಡನೆ ಒಡಂಬಡಿಕೆ ಮಾಡಿಕೊಳ್ಳುವುದು ಗೌರವದ ಸಂಗತಿಯೆಂದು ನಾವೂ ಭಾವಿಸುತ್ತೇವೆ. ಆದರೆ ಇಂಥ ಸಹಭಾಗಿತ್ವವು ನಮ್ಮ ಕಾಲದ ಆವಿಷ್ಕಾರವಲ್ಲ. ಅದಕ್ಕೆ ದೀರ್ಘವಾದ ಚರಿತ್ರೆಯಿದೆ. ಎಂಥ ಶ್ರಮದಿಂದ ಕೀರ್ತಿ ಹುಟ್ಟಿತು, ಆ ಶ್ರಮದಲ್ಲಿ ಪಾಲುಗೊಂಡವರಲ್ಲಿ ಯಾರ ಹೆಸರು ಉಳಿಯಿತು, ಯಾರ ಹೆಸರು ಅಳಿಯಿತು ಎಂಬುದನ್ನು ಆ ಚರಿತ್ರೆಯಿಂದಲೇ ತಿಳಿಯಬೇಕು. ಇದಕ್ಕಾಗಿ ನಾವು ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾನಿಲಯವನ್ನು ನಿದರ್ಶನವಾಗಿ ಆರಿಸಿಕೊಂಡಿದ್ದೇವೆ. ಮೋಗ್ಲಿಂಗ್ ಮತ್ತು ಕಿಟ್ಟೆಲ್ ಇಬ್ಬರನ್ನೂ ಗೌರವಿಸಿದ ಈ ವಿದ್ಯಾಪೀಠದ ಹೆಸರು ಕನ್ನಡ ಕ್ರೈಸ್ತಸಭೆಗೆ ಅಪರಿಚಿತವಲ್ಲ.

ನೆಕ್ಕಾರ್ ನದಿಯ ದಡದ ಈ ಸಣ್ಣ ಪಟ್ಟಣದಲ್ಲಿ 1477ರಲ್ಲಿ ಎಬರ್‌ಹಾರ್ಡ್ ಪ್ರಭುವು ವಿಶ್ವವಿದ್ಯಾನಿಲಯವನ್ನು ಸ್ಥಾಪಿಸಿದನು. ಮತಸುಧಾರಣೆಯ ತರುವಾಯ, 1536ರಲ್ಲಿ, ಸಭಾಪಾಲಕರನ್ನು ತರಬೇತುಗೊಳಿಸುವ ಸ್ಟಿಫ್ಟ್ ಎಂಬ ವಿದ್ಯಾರ್ಥಿನಿಲಯ ಅಲ್ಲಿ ಆರಂಭವಾಯಿತು. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಫರ್ಡಿನಾಂಡ್ ಕ್ರಿಶ್ಚಿಯನ್ ಬೌರ್ ಅವರ ಚಾರಿತ್ರಿಕ ವಿಮರ್ಶೆಯಿಂದ ಆ ಹೆಸರು ದೈವಶಾಸ್ತ್ರಜ್ಞರ ನಡುವೆ ವಾದವಿವಾದಗಳ ಕೇಂದ್ರವಾಗಿತ್ತು. ಆದರೆ ಅದೇ ಕಾಲದಲ್ಲಿ ಅಲ್ಲಿ ಬೇರೊಂದು ಬಗೆಯ ಕೀರ್ತಿಯೂ ಬೆಳೆಯುತ್ತಿತ್ತು. ಅದು ಒಬ್ಬ ಪಂಡಿತನ ವಾದಶಕ್ತಿಯಿಂದ ಬಂದುದಲ್ಲ. ಅನೇಕ ದೇಶಗಳ ವಿದ್ವಾಂಸರು ಒಂದೇ ಕೆಲಸಕ್ಕೆ ಕೈಜೋಡಿಸಿದ್ದರಿಂದ ಬಂದುದು.

ಇದರ ನಡುವಿದ್ದವರು ಸಂಸ್ಕೃತದ ಪ್ರಾಧ್ಯಾಪಕರಾಗಿದ್ದ ರುಡಾಲ್ಫ್ ರೋಟ್. ಅವರು ಓಟೋ ಬೋಟ್ಲಿಂಕ್ ಅವರೊಡನೆ ಸಂಪಾದಿಸಿದ ಸಂಸ್ಕೃತ ಮಹಾನಿಘಂಟನ್ನು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನ ವಿಜ್ಞಾನ ಅಕಾಡೆಮಿಯು 1855ರಿಂದ 1875ರವರೆಗೆ ಏಳು ಸಂಪುಟಗಳಲ್ಲಿ ಪ್ರಕಟಿಸಿತು. ಹಣ ಮತ್ತು ಮುದ್ರಣ ರಷ್ಯಾದ್ದು, ವೇದಭಾಗದ ಶಬ್ದಗಳ ವಿವೇಚನೆ ಬಹುಮಟ್ಟಿಗೆ ಟ್ಯೂಬಿಂಗನ್ನಿನದು, ಸಹಾಯಕರು ಹಲವು ನಾಡಿನವರು. ಆ ಸಹಾಯಕರಲ್ಲಿ ಅಮೆರಿಕದ ವಿಲಿಯಂ ಡ್ವೈಟ್ ವಿಟ್ನಿ ಒಬ್ಬರು. 1850ರಲ್ಲಿ ಜರ್ಮನಿಗೆ ಬಂದ ವಿಟ್ನಿ ಬರ್ಲಿನ್ನಿನಲ್ಲಿ ವೇಬರ್ ಅವರ ಬಳಿಯೂ ಟ್ಯೂಬಿಂಗನ್ನಿನಲ್ಲಿ ರೋಟ್ ಅವರ ಬಳಿಯೂ ಕಲಿತು, 1854ರಲ್ಲಿ ಯೇಲ್‌ನಲ್ಲಿ ಸಂಸ್ಕೃತದ ಪ್ರಾಧ್ಯಾಪಕರಾದರು. ಗುರುಶಿಷ್ಯರಿಬ್ಬರೂ ಸೇರಿ ಸಂಪಾದಿಸಿದ ಅಥರ್ವವೇದ ಸಂಹಿತೆ 1856ರ ವೇಳೆಗೆ ಬರ್ಲಿನ್ನಿನಲ್ಲಿ ಅಚ್ಚಾಯಿತು. ಮುಂದೆ ಹಾರ್ವರ್ಡಿನಲ್ಲಿ ಸಂಸ್ಕೃತ ಕಲಿಸಿದ ಚಾರ್ಲ್ಸ್ ಲ್ಯಾನ್‌ಮನ್ ಕೂಡ ರೋಟ್ ಅವರಲ್ಲಿ ಕಲಿತವರೇ. ಟ್ಯೂಬಿಂಗನ್ನಿನ ಹೆಸರನ್ನು ಸಮುದ್ರದಾಚೆಗೆ ಒಯ್ದವರು ಈ ಶಿಷ್ಯರು. ಕಲಿಯಲು ಬಂದವನನ್ನು ಸಹಕಾರ್ಯಕರ್ತನನ್ನಾಗಿ ಮಾಡಿಕೊಂಡು, ಗ್ರಂಥದ ಮೇಲೆ ಅವನ ಹೆಸರನ್ನೂ ಅಚ್ಚು ಹಾಕಿಸಿ ಕಳುಹಿಸಿದ ಗುರುವಿನ ಔದಾರ್ಯವೇ ಇಲ್ಲಿ ಕೀರ್ತಿಯ ಮೂಲವಾಯಿತು.

ಎರಡನೆಯ ನಿದರ್ಶನವು ಒಂದು ಹಸ್ತಪ್ರತಿಯದು. ಅಥರ್ವವೇದದ ಪೈಪ್ಪಲಾದ ಶಾಖೆಯ ಪಾಠವು ಕಾಶ್ಮೀರದಲ್ಲಿ ದೊರೆಯಬಹುದೆಂದು ಊಹಿಸಿದ ರೋಟ್, ಬ್ರಿಟಿಷ್ ಅಧಿಕಾರಿಯೂ ವಿದ್ವಾಂಸರೂ ಆಗಿದ್ದ ಸರ್ ವಿಲಿಯಂ ಮ್ಯೂರ್ ಅವರ ನೆರವನ್ನು ಕೋರಿದರು. ಮಹಾರಾಜ ರಣಬೀರ್ ಸಿಂಗ್ ಅವರ ಮೂಲಕ ದೊರೆತ ಭೂರ್ಜಪತ್ರದ ಹಸ್ತಪ್ರತಿಯು 1870ರ ದಶಕದಲ್ಲಿ ರೋಟ್ ಅವರ ಕೈಸೇರಿತು. 1895ರಲ್ಲಿ ಅವರು ತೀರಿಕೊಂಡ ಬಳಿಕ ಅದು ಟ್ಯೂಬಿಂಗನ್ ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಿ ಉಳಿಯಿತು. ರೋಟ್ ಅವರ ಪೀಠಕ್ಕೆ ಬಂದ ರಿಚರ್ಡ್ ಗಾರ್ಬೆಯವರೂ ಅಮೆರಿಕದ ಮಾರಿಸ್ ಬ್ಲೂಮ್‌ಫೀಲ್ಡ್ ಅವರೂ ಸೇರಿ, ಪುಟಪುಟವನ್ನೂ ಬಣ್ಣದ ಛಾಯಾಚಿತ್ರಗಳಲ್ಲಿ ಮೂಡಿಸಿ, 1901ರಲ್ಲಿ ಮೂರು ಸಂಪುಟಗಳಾಗಿ ಪ್ರಕಟಿಸಿದರು. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಮತ್ತು ಟ್ಯೂಬಿಂಗನ್ ಎಂಬ ಎರಡೂ ವಿಶ್ವವಿದ್ಯಾನಿಲಯಗಳ ಆಶ್ರಯವನ್ನು ಶೀರ್ಷಿಕೆಯ ಪುಟವೇ ಸಾರುತ್ತದೆ. ಇಂದು ನಾವು ಜಂಟಿ ಸಂಶೋಧನಾ ಯೋಜನೆ ಎಂದು ಕರೆಯುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪೂರ್ವರೂಪ ಬೇಕಿಲ್ಲ.

ಮೂರನೆಯ ನಿದರ್ಶನವು ನಮ್ಮ ನಾಡಿನದು. ಟ್ಯೂಬಿಂಗನ್ನಿನಲ್ಲಿ ದೈವಶಾಸ್ತ್ರವನ್ನು ಓದಿದ ಹರ್ಮನ್ ಮೋಗ್ಲಿಂಗ್ ಬಾಸೆಲ್ ಮಿಶನ್ನಿನ ಸೇವಕರಾಗಿ 1836ರಲ್ಲಿ ಮಂಗಳೂರಿಗೆ ಬಂದರು. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಆರಂಭಿಸಿದರು. ನ್ಯಾಯಾಧೀಶರಾಗಿದ್ದ ಕ್ಯಾಸಮೇಜರ್ ಅವರ ಧನಸಹಾಯದಿಂದ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಜೈಮಿನಿ ಭಾರತ, ತೊರವೆ ರಾಮಾಯಣ, ಬಸವಪುರಾಣ, ದಾಸರ ಪದಗಳು ಮೊದಲಾದುವನ್ನು ಕಲ್ಲಚ್ಚಿನಲ್ಲಿ ಹೊರತಂದರು. 1858ರಲ್ಲಿ ಅವರು ಓದಿದ ವಿಶ್ವವಿದ್ಯಾನಿಲಯವೇ ಅವರ ಕನ್ನಡ ಸಾಹಿತ್ಯಸೇವೆಯನ್ನು ಡಾಕ್ಟರೇಟ್ ಪದವಿಯಿಂದ ಗೌರವಿಸಿತು. ಫರ್ಡಿನಾಂಡ್ ಕಿಟ್ಟೆಲ್ ಅವರಾದರೋ ವಿಶ್ವವಿದ್ಯಾನಿಲಯದಲ್ಲಿ ಓದಿದವರಲ್ಲ. ಬಾಸೆಲ್ಲಿನ ಮಿಶನ್ ಸೆಮಿನರಿಯಲ್ಲಿ ತರಬೇತಿ ಪಡೆದು 1853ರಲ್ಲಿ ಭಾರತಕ್ಕೆ ಬಂದವರು. ಕೇಶಿರಾಜನ ಶಬ್ದಮಣಿದರ್ಪಣವನ್ನು 1872ರಲ್ಲಿ, ನಾಗವರ್ಮನ ಛಂದಸ್ಸನ್ನು 1875ರಲ್ಲಿ ಸಂಪಾದಿಸಿ ಪ್ರಕಟಿಸಿದ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದು 1700ಕ್ಕೂ ಹೆಚ್ಚು ಪುಟಗಳ, ಸುಮಾರು 70,000 ಶಬ್ದಗಳ ಗ್ರಂಥ. 1896ರಲ್ಲಿ ಟ್ಯೂಬಿಂಗನ್ ಅವರಿಗೂ ಗೌರವ ಡಾಕ್ಟರೇಟನ್ನು ನೀಡಿತು. 1903ರಲ್ಲಿ ಕಿಟ್ಟೆಲ್ ತೀರಿಕೊಂಡದ್ದೂ ಅದೇ ಪಟ್ಟಣದಲ್ಲಿ.

ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಕೀರ್ತಿಯು ಕಟ್ಟಲ್ಪಡುವ ಬಗೆ ನಮಗೆ ಕಾಣುತ್ತದೆ. ಶಿಷ್ಯರು ಬರುತ್ತಾರೆ, ಕಲಿತು ತಮ್ಮ ನಾಡಿಗೆ ಮರಳುತ್ತಾರೆ. ಹಸ್ತಪ್ರತಿಗಳು ಬರುತ್ತವೆ, ಆದರೆ ಅವು ಮರಳುವುದಿಲ್ಲ. ದೂರದಲ್ಲಿ ಆದ ಕೆಲಸವನ್ನು ಪದವಿಯು ತನ್ನದೆಂದು ಗುರುತಿಸಿಕೊಳ್ಳುತ್ತದೆ. ಎಲ್ಲಕ್ಕೂ ಮುದ್ರಣದ ಸಾಕ್ಷ್ಯ ದೊರೆಯುತ್ತದೆ. ಶ್ರಮವು ಮಂಗಳೂರು, ಶ್ರೀನಗರ, ಸೇಂಟ್ ಪೀಟರ್ಸ್‌ಬರ್ಗ್, ಬಾಲ್ಟಿಮೋರ್ ಎಂದು ಹಲವೆಡೆ ಹರಡಿಕೊಂಡಿದ್ದರೂ ಕೀರ್ತಿಯು ಒಂದು ಗ್ರಂಥಾಲಯದ ಸುತ್ತ ಸಂಚಯವಾಗುತ್ತದೆ. ಇದನ್ನು ನಾವು ಬರಿಯ ದೋಷಾರೋಪಣೆಯಾಗಿ ಹೇಳುತ್ತಿಲ್ಲ. ಆ ಗ್ರಂಥಾಲಯದ ಕಾಳಜಿಯಿಲ್ಲದಿದ್ದರೆ ಕಾಶ್ಮೀರದ ಭೂರ್ಜಪತ್ರಗಳು ಉಳಿಯುತ್ತಿದ್ದವೆಂದು ಯಾರೂ ಖಚಿತವಾಗಿ ಹೇಳಲಾರರು. ಮಿಶನ್ನಿನ ಅಚ್ಚುಕೂಟವಿಲ್ಲದಿದ್ದರೆ ಕಿಟ್ಟೆಲ್ ಕೋಶವೂ ಆ ರೂಪದಲ್ಲಿ ನಮಗೆ ದೊರೆಯುತ್ತಿರಲಿಲ್ಲ.

ಆದರೂ ಕೇಳಲೇಬೇಕಾದ ಪ್ರಶ್ನೆಯೊಂದಿದೆ. ಜೈಮಿನಿ ಭಾರತದ ಓಲೆಗರಿಗಳನ್ನು ಓದಿ ಹೇಳಿದವರು ಯಾರು? ಕಲ್ಲಚ್ಚಿಗಾಗಿ ಅಕ್ಷರಗಳನ್ನು ದುಂಡಾಗಿ ಬರೆದವರು ಯಾರು? ಹೊಲದ, ಮಗ್ಗದ, ಅಡುಗೆಮನೆಯ ಮಾತುಗಳ ಅರ್ಥವನ್ನು ಮಿಶನರಿಗೆ ಬಿಡಿಸಿ ಹೇಳಿದ ಗಂಡಸರೂ ಹೆಂಗಸರೂ ಯಾರು? ಒಂದು ಭಾಷೆಯ ನಿಘಂಟು ಆ ಭಾಷೆಯನ್ನಾಡುವವರ ನೆರವಿಲ್ಲದೆ ಹುಟ್ಟಲಾರದು. ಆದರೆ ಶೀರ್ಷಿಕೆಯ ಪುಟದಲ್ಲಿ ಇರುವುದು ಒಬ್ಬರದೇ ಹೆಸರು. ಪದವಿ ಸಂದದ್ದೂ ಒಬ್ಬರಿಗೇ. ವಿಟ್ನಿಯವರಿಗೆ ರೋಟ್ ತೋರಿದ ಔದಾರ್ಯವು ಕಡಲಿನ ಈ ತೀರದ ಪಂಡಿತರವರೆಗೆ ತಲುಪಲಿಲ್ಲ.

ಇದು ಕೇವಲ ನ್ಯಾಯದ ಪ್ರಶ್ನೆಯಲ್ಲ, ಜ್ಞಾನದ ಪ್ರಶ್ನೆಯೂ ಹೌದು. ಟ್ಯೂಬಿಂಗನ್ನಿನ ಪೈಪ್ಪಲಾದ ಪ್ರತಿಯು ಲಿಪಿಕಾರರ ತಪ್ಪುಗಳಿಂದ ತುಂಬಿತ್ತು. ವಿದ್ವಾಂಸರು ಅದನ್ನು ತಿದ್ದಿ ಓದಲು ದಶಕಗಳ ಕಾಲ ಹೆಣಗಿದರು. ಆದರೆ 1950ರ ದಶಕದ ಕೊನೆಯ ಭಾಗದಲ್ಲಿ ಬಂಗಾಳದ ದುರ್ಗಾಮೋಹನ ಭಟ್ಟಾಚಾರ್ಯರು ಒಡಿಶಾದಲ್ಲಿ ಅದೇ ಶಾಖೆಯ ತಾಳೆಗರಿಯ ಪ್ರತಿಗಳನ್ನು ಕಂಡುಹಿಡಿದರು. ಹಸ್ತಪ್ರತಿಗಳಷ್ಟೇ ಅಲ್ಲ, ಅವುಗಳನ್ನು ತಮ್ಮದೆಂದು ಕಾಪಾಡಿಕೊಂಡು ಬಂದ ಕುಟುಂಬಗಳೂ ಅಲ್ಲಿದ್ದವು. ಯೂರೋಪು ಒಂದೇ ಪ್ರತಿಯ ಮೇಲೆ ಕಣ್ಣು ನೆಟ್ಟಿದ್ದಷ್ಟೂ ಕಾಲ ಆ ಪಾಠವು ಒಡಿಶಾದ ಹಳ್ಳಿಗಳಲ್ಲಿ ಜೀವಂತವಾಗಿತ್ತು. ತಂದೆಯ ಕೆಲಸವನ್ನು ಮಗ ದೀಪಕ್ ಭಟ್ಟಾಚಾರ್ಯರು ಮುಂದುವರಿಸಿದರು. ಇಂದು ಆ ಪಾಠವನ್ನು ಅಭ್ಯಾಸಮಾಡುವ ಪಾಶ್ಚಾತ್ಯ ವಿದ್ವಾಂಸರೂ ಒಡಿಶಾದ ಪ್ರತಿಗಳನ್ನು ಬಿಟ್ಟು ಮುಂದೆ ಹೋಗಲಾರರು. ಸಹಭಾಗಿಗಳ ವೃತ್ತವನ್ನು ಕಿರಿದಾಗಿಸಿಕೊಂಡ ವಿದ್ಯೆಯು ತನಗೇ ನಷ್ಟವನ್ನು ತಂದುಕೊಳ್ಳುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಬೇರೊಂದು ದಾರಿಯೂ ಇದೆ. ಮೋಗ್ಲಿಂಗರಂತೆಯೇ 1836ರಲ್ಲಿ ಭಾರತಕ್ಕೆ ಬಂದ ಹರ್ಮನ್ ಗುಂಡರ್ಟ್ ಅವರ ಮಲಯಾಳ ಹಸ್ತಪ್ರತಿಗಳೂ ಪುಸ್ತಕಗಳೂ ಟ್ಯೂಬಿಂಗನ್ನಿನ ಗ್ರಂಥಾಲಯದಲ್ಲಿದ್ದವು. 2018ರಲ್ಲಿ ಅವುಗಳನ್ನು ಗಣಕದ ಮೂಲಕ ಎಲ್ಲರಿಗೂ ಉಚಿತವಾಗಿ ತೆರೆದಿಡಲಾಯಿತು. ಆ ಕೆಲಸದಲ್ಲಿ ಮಲಯಾಳ ಬಲ್ಲವರೂ ಪಾಲುಗೊಂಡರು. ಕೇರಳದ ವಿದ್ಯಾರ್ಥಿಯು ಇಂದು ತನ್ನ ಪೂರ್ವಿಕರ ಬರಹವನ್ನು ಓದಲು ಜರ್ಮನಿಗೆ ಹೋಗಬೇಕಾಗಿಲ್ಲ. ಪಡೆದುದನ್ನು ಹೀಗೆ ಹಿಂದಿರುಗಿಸಿದ್ದರಿಂದ ಆ ವಿಶ್ವವಿದ್ಯಾನಿಲಯದ ಕೀರ್ತಿ ಕುಗ್ಗಲಿಲ್ಲ, ಹೆಚ್ಚಿತು.

ದೈವಶಾಸ್ತ್ರದ ವಿದ್ಯಾರ್ಥಿಗಳಾದ ನಮಗೆ ಈ ಚರಿತ್ರೆಯನ್ನು ಅಳೆಯಲು ಒಂದು ಅಳತೆಗೋಲಿದೆ. ರೋಮಾಪುರದವರಿಗೆ ಬರೆದ ಪತ್ರಿಕೆಯ ಹದಿನಾರನೆಯ ಅಧ್ಯಾಯವನ್ನು ನಾವು ಪ್ರಸಂಗಕ್ಕೆ ಆರಿಸಿಕೊಳ್ಳುವುದು ವಿರಳ. ಅದು ಬರಿಯ ಹೆಸರುಗಳ ಪಟ್ಟಿಯೆಂದು ದಾಟಿಬಿಡುತ್ತೇವೆ. ಆದರೆ ಪೌಲನ ಅತ್ಯಂತ ಗಂಭೀರವಾದ ದೈವಶಾಸ್ತ್ರೀಯ ಬರಹವು ಸಹಕಾರ್ಯಕರ್ತರ ಹೆಸರುಗಳಿಂದಲೇ ಮುಗಿತಾಯಕ್ಕೆ ಬರುತ್ತದೆ. ಕೆಂಖ್ರೆಯ ಸಭೆಯ ಫೊಯಿಬೆ ಮೊದಲ್ಗೊಂಡು ದುಡಿದ ಸ್ತ್ರೀಯರೂ ಪುರುಷರೂ ಅಲ್ಲಿ ಹೆಸರುಹಿಡಿದು ಗೌರವಿಸಲ್ಪಡುತ್ತಾರೆ. ಪತ್ರಿಕೆಯನ್ನು ಬರೆದುಕೊಂಡ ಲಿಪಿಕಾರನಾದ ತೆರ್ತ್ಯನು ಸ್ವತಃ ತನ್ನ ಹೆಸರಿನಿಂದ ವಂದನೆ ಹೇಳುತ್ತಾನೆ. ಅಪೊಸ್ತಲನು ಅವನನ್ನು ಮರೆಮಾಡಲಿಲ್ಲ. ಅದರಿಂದ ಅಪೊಸ್ತಲನ ಅಧಿಕಾರವೇನೂ ಕಡಿಮೆಯಾಗಲಿಲ್ಲ.

ಆದುದರಿಂದ ನಮ್ಮ ಸೆಮಿನರಿಗಳು ಹೊರದೇಶದ ವಿದ್ಯಾಪೀಠಗಳೊಡನೆ ಕೈಜೋಡಿಸುವಾಗ ಕೇಳಬೇಕಾದ ಪ್ರಶ್ನೆಗಳು ಶ್ರೇಯಾಂಕದವಲ್ಲ. ಸಂಗ್ರಹಿಸಿದ ದಾಖಲೆಗಳ ಪ್ರತಿಯು ಇಲ್ಲಿಯೂ ಉಳಿಯುವುದೇ? ಸಂಶೋಧನೆಯ ಫಲವು ಕನ್ನಡದಲ್ಲಿಯೂ ದೊರೆಯುವುದೇ? ತಮ್ಮ ನೆನಪನ್ನೂ ಹಾಡನ್ನೂ ಪ್ರಾರ್ಥನೆಯನ್ನೂ ಸಂಶೋಧಕನಿಗೆ ಕೊಟ್ಟ ಹಳ್ಳಿಯ ಸಭೆಯ ಹಿರಿಯರ ಹೆಸರು ಗ್ರಂಥದಲ್ಲಿ ಇರುವುದೇ? ಈ ಕೊನೆಯ ಪ್ರಶ್ನೆಯನ್ನು ನಾವು ಹೊರಗಿನವರಿಗೆ ಮಾತ್ರವಲ್ಲ, ನಮ್ಮ ಪ್ರಬಂಧಗಳನ್ನು ಬರೆಯುವಾಗ ನಮಗೂ ಹಾಕಿಕೊಳ್ಳಬೇಕು. ಸಭೆಯ ಮುದುಕಿಯೊಬ್ಬಳು ಹೇಳಿಕೊಟ್ಟ ಕೀರ್ತನೆಯ ರಾಗವನ್ನು ‘ಮೌಖಿಕ ಮೂಲ’ ಎಂದಷ್ಟೇ ದಾಖಲಿಸಿ ಪದವಿ ಪಡೆಯುವ ವಿದ್ಯಾರ್ಥಿಯು, ಹತ್ತೊಂಬತ್ತನೆಯ ಶತಮಾನದ ಶೀರ್ಷಿಕೆಯ ಪುಟವನ್ನು ಆಕ್ಷೇಪಿಸುವ ಹಕ್ಕನ್ನು ಕಳೆದುಕೊಳ್ಳುತ್ತಾನೆ.