ಹಳಿಯ ಪಕ್ಕದಲ್ಲೊಂದು ಪೋಲಿಷ್ ಊರು

ಅಮೆರಿಕದ ಅರ್ಕಾನ್ಸಾಸ್ ರಾಜ್ಯದ ರಾಜಧಾನಿ ಲಿಟ್ಲ್ ರಾಕ್. ಅದರ ವಾಯವ್ಯಕ್ಕೆ, ನದಿಯ ಆಚೆ ದಡದಲ್ಲಿ ಮಾರ್ಶ್ ಎಂಬ ಪುಟ್ಟ ಊರಿದೆ. ಪೋಲೆಂಡಿನಿಂದ ಬಂದ ಕ್ಯಾಥೊಲಿಕ್ ರೈತರು ಕಟ್ಟಿದ ಊರು ಅದು. ಅದರ ಕತೆ ಯುರೋಪಿನಿಂದಲೇ ಆರಂಭವಾಗುತ್ತದೆ.

1772, 1793 ಮತ್ತು 1795ರಲ್ಲಿ ರಷ್ಯಾ, ಪ್ರಷ್ಯಾ, ಆಸ್ಟ್ರಿಯಾಗಳು ಪೋಲೆಂಡನ್ನು ಹಂಚಿಕೊಂಡವು. ದೇಶ ಭೂಪಟದಿಂದಲೇ ಅಳಿಸಿಹೋಯಿತು. ಪ್ರಷ್ಯಾದ ಪಾಲಿಗೆ ಬಂದ ಪೋಲರ ಮೇಲೆ 1871ರ ನಂತರ ಬಿಸ್ಮಾರ್ಕನ ಸರ್ಕಾರದ ಕಣ್ಣು ಬಿತ್ತು. 1873ರ ಕಾನೂನುಗಳು ಪಾದ್ರಿಗಳ ಶಿಕ್ಷಣ ಮತ್ತು ನೇಮಕವನ್ನು ಪ್ರಭುತ್ವದ ಹಿಡಿತಕ್ಕೆ ತಂದವು. ಮರುವರ್ಷ ಆರ್ಚ್‌ಬಿಷಪ್ ಲೆದುಹೋವ್‌ಸ್ಕಿ ಸೆರೆಮನೆ ಸೇರಿದರು. 1876ರಲ್ಲಿ ಕಚೇರಿಗಳಿಗೆ ಜರ್ಮನ್ ಒಂದೇ ಭಾಷೆಯಾಯಿತು. ತಾಯಿಯ ಮಡಿಲಲ್ಲಿ ಕಲಿತ ಪ್ರಾರ್ಥನೆಯ ಭಾಷೆಗೆ ಶಾಲೆಯಲ್ಲಿ ಜಾಗ ಇಲ್ಲದಾಯಿತು. ಹೀಗೆ ಊರು ಬಿಟ್ಟವರಲ್ಲಿ ಎಷ್ಟೋ ಮಂದಿ ಮಿಲ್ವಾಕಿ, ಷಿಕಾಗೊಗಳ ಕಾರ್ಖಾನೆಗಳನ್ನು ಸೇರಿದರು. ಆದರೆ ರೈತನಿಗೆ ಬೇಕಿದ್ದದ್ದು ನೆಲ.

ನೆಲ ಇದ್ದದ್ದು ರೈಲ್ವೆ ಕಂಪೆನಿಗಳ ಬಳಿ. 1850ರಿಂದ 1871ರವರೆಗೆ ಅಮೆರಿಕದ ಸರ್ಕಾರ ಹಳಿ ಹಾಕುವವರಿಗೆ ಸುಮಾರು 13 ಕೋಟಿ ಎಕರೆ ಭೂಮಿಯನ್ನು ದಾನವಾಗಿ ಕೊಟ್ಟಿತ್ತು. ಹಳಿಯ ಇಕ್ಕೆಲಗಳಲ್ಲಿ ಚದುರಂಗದ ಮನೆಗಳಂತೆ ಒಂದು ತುಂಡು ಕಂಪೆನಿಗೆ, ಒಂದು ತುಂಡು ಸರ್ಕಾರಕ್ಕೆ. ಕಾಡಿನ ನಡುವೆ ಓಡುವ ಖಾಲಿ ರೈಲಿನಿಂದ ಲಾಭವಿಲ್ಲ. ಜನ ನೆಲೆಸಿದರೆ ಜಮೀನಿನ ಬೆಲೆಯೂ ಬಂತು, ಮುಂದೆ ಬೆಳೆ ಸಾಗಿಸುವ ಬಾಡಿಗೆಯೂ ಬಂತು. ಲಿಟ್ಲ್ ರಾಕ್ ಮತ್ತು ಫೋರ್ಟ್ ಸ್ಮಿತ್ ರೈಲ್ವೆಯೂ ಇದೇ ಲೆಕ್ಕಾಚಾರದಲ್ಲಿತ್ತು. ಅದೇ ಕಂಪೆನಿಯ ಬಾಂಡುಗಳ ಹಗರಣ 1876ರಲ್ಲಿ ಜೇಮ್ಸ್ ಬ್ಲೇನ್ ಎಂಬ ದೊಡ್ಡ ರಾಜಕಾರಣಿಯ ಹೆಸರಿಗೆ ಮಸಿ ಬಳಿದಿತ್ತು.

ಮಿಲ್ವಾಕಿಯಲ್ಲಿದ್ದ, ಕೌಂಟ್ ಎಂದೇ ಹೆಸರಾಗಿದ್ದ ತಿಮೋತಿ ಚೊಯಿನ್ಸ್ಕಿ 1877ರಲ್ಲಿ ಈ ಕಂಪೆನಿಯಿಂದ ಸಾವಿರಾರು ಎಕರೆ ಕೊಂಡ. ಅವನ ಹಿಂದೆ ಪೋಲಿಷ್ ಕುಟುಂಬಗಳು ಬಂದವು. ಮರ ಕಡಿದು, ಬೇರು ಕಿತ್ತು ಹೊಲ ಮಾಡಿಕೊಂಡರು, ಇಗರ್ಜಿ ಕಟ್ಟಿಕೊಂಡರು. ಹಳೆಯ ನಾಡಿನಲ್ಲಿ ಕಚೇರಿ, ಶಾಲೆಗಳಿಂದ ಹೊರದೂಡಲ್ಪಟ್ಟ ಅವರ ನುಡಿಗೆ ಇಲ್ಲಿ ತಡೆಯಿರಲಿಲ್ಲ.

ಮಾರ್ಶ್ ಇರುವ ಜಿಲ್ಲೆಯ ಹೆಸರು ಪುಲಾಸ್ಕಿ. ರಷ್ಯಾದ ವಿರುದ್ಧ ಹೋರಾಡಿ ದೇಶಭ್ರಷ್ಟನಾಗಿ, ಅಮೆರಿಕದ ಸ್ವಾತಂತ್ರ್ಯಕ್ಕಾಗಿ 1779ರಲ್ಲಿ ಸವಾನಾದಲ್ಲಿ ಮಡಿದ ಪೋಲಿಷ್ ವೀರನ ಹೆಸರದು. ಜಿಲ್ಲೆಗೆ ಆ ಹೆಸರಿಟ್ಟದ್ದು 1818ರಲ್ಲಿ. ಅದೇ ವರ್ಷ ಆ ಸೀಮೆಯ ಮೂಲನಿವಾಸಿಗಳಾದ ಕ್ವಾಪಾ ಜನ ಒಪ್ಪಂದವೊಂದಕ್ಕೆ ಸಹಿ ಹಾಕಿ ತಮ್ಮ ನೆಲದ ಬಹುಭಾಗವನ್ನು ಬಿಟ್ಟುಕೊಡಬೇಕಾಯಿತು. 1824ರಲ್ಲಿ ಉಳಿದದ್ದೂ ಹೋಯಿತು.

ಪೋಲರು ಯಾರ ನೆಲವನ್ನೂ ಕಿತ್ತುಕೊಂಡವರಲ್ಲ. ದುಡ್ಡು ಕೊಟ್ಟು ಕೊಂಡವರು, ಬೆವರು ಸುರಿಸಿದವರು. ಆದರೂ ನೆಲೆ ಕಳೆದುಕೊಂಡವರಿಗೆ ಸಿಕ್ಕಿದ್ದು, ನೆಲೆ ಕಳೆದುಕೊಂಡ ಇನ್ನೊಬ್ಬರ ನೆಲವೇ. ಮಾರಿದ ಕಂಪೆನಿಗೆ ಅದು ಪುಕ್ಕಟೆ ಬಂದಿತ್ತು. ಮಾರ್ಶ್‌ನ ಜನ 1932ರಲ್ಲಿ ಕಟ್ಟಿದ ಇಗರ್ಜಿ ಈಗಲೂ ಇದೆ. ಆ ರೈಲ್ವೆ ಕಂಪೆನಿ ಬೇರೆ ಕಂಪೆನಿಗಳಲ್ಲಿ ಕರಗಿ ಎಂದೋ ಹೆಸರು ಕಳೆದುಕೊಂಡಿದೆ.