ಪದದ ಹುಡುಕಾಟದಿಂದ ಅರ್ಥದ ಹುಡುಕಾಟಕ್ಕೆ

ದೊಡ್ಡ ಗ್ರಂಥರಾಶಿಯೊಂದರಲ್ಲಿ ಬೇಕಾದ ವಿಷಯ ಎಲ್ಲಿದೆಯೆಂದು ತೋರಿಸಿಕೊಡುವ ಕೆಲಸವನ್ನು ವಿದ್ವತ್ತಿನ ಒಂದು ಕಸುಬಾಗಿಯೇ ಬೆಳೆಸಿದವರಲ್ಲಿ 13ನೆಯ ಶತಮಾನದ ಪ್ಯಾರಿಸ್ಸಿನ ಡೊಮಿನಿಕನ್ ಸಂನ್ಯಾಸಿಗಳು ಪ್ರಮುಖರು. ಸೇಂಟ್ ಶೇರ್‌ನ ಹ್ಯೂ ಎಂಬ ವಿದ್ವಾಂಸನ ನೇತೃತ್ವದಲ್ಲಿ ಅವರು ಲ್ಯಾಟಿನ್ ಬೈಬಲ್ಲಿಗೆ ಪದಪ್ರಯೋಗ ಕೋಶವನ್ನು, ಎಂದರೆ ಒಂದೊಂದು ಪದವೂ ಗ್ರಂಥದ ಯಾವ ಯಾವ ಸ್ಥಳಗಳಲ್ಲಿ ಬಂದಿದೆಯೆಂದು ಸೂಚಿಸುವ ಪಟ್ಟಿಯನ್ನು, ಸಿದ್ಧಪಡಿಸಿದರು. ಸ್ಥಳವನ್ನು ಗುರುತಿಸಲು ಅಧ್ಯಾಯಗಳನ್ನು ಏಳು ಭಾಗಗಳಾಗಿ ವಿಂಗಡಿಸಿ ಒಂದೊಂದಕ್ಕೂ ಒಂದು ಅಕ್ಷರವನ್ನು ಕೊಟ್ಟರು. ಈ ಪದ್ಧತಿಯ ಬಲವೂ ಮಿತಿಯೂ ಒಂದೇ ಆಗಿತ್ತು: ಪದ ಗೊತ್ತಿದ್ದವನಿಗೆ ಅದು ಎಲ್ಲವನ್ನೂ ಕೊಡುತ್ತಿತ್ತು, ವಿಷಯ ಮಾತ್ರ ಗೊತ್ತಿದ್ದು ಪದ ಗೊತ್ತಿಲ್ಲದವನಿಗೆ ಏನನ್ನೂ ಕೊಡುತ್ತಿರಲಿಲ್ಲ.

ಈ ಮಿತಿಯನ್ನು ಆಧುನಿಕ ಕಾಲದಲ್ಲಿ ಮನಗಂಡವರು ಇಟಲಿಯ ಪಾದ್ರಿ ರಾಬರ್ತೊ ಬೂಸಾ. ಥಾಮಸ್ ಅಕ್ವೈನಸನ ಕೃತಿಗಳಲ್ಲಿ ‘ಸಾನ್ನಿಧ್ಯ’ದ ಕಲ್ಪನೆಯನ್ನು ಅಭ್ಯಸಿಸಿದ ಅವರಿಗೆ, ಆ ಕಲ್ಪನೆ ಅದೇ ಹೆಸರಿನ ಪದದಲ್ಲಿರುವುದಕ್ಕಿಂತ ‘ಒಳಗೆ’ ಎಂಬ ಅರ್ಥದ ಪುಟ್ಟ ಲ್ಯಾಟಿನ್ ಅವ್ಯಯದಲ್ಲಿ ಅಡಗಿರುವುದು ಕಂಡುಬಂದಿತು. ಪಂಡಿತರು ಮುಖ್ಯವೆಂದು ಆರಿಸಿದ ಪದಗಳ ಸೂಚಿ ಇಂಥ ಕೆಲಸಕ್ಕೆ ಸಾಲದೆಂದು ತಿಳಿದ ಬೂಸಾ, 1949ರಲ್ಲಿ ಐಬಿಎಂ ಸಂಸ್ಥೆಯ ಥಾಮಸ್ ವಾಟ್ಸನ್ ಅವರನ್ನು ಕಂಡು ರಂಧ್ರಪತ್ರ ಯಂತ್ರಗಳ ನೆರವು ಪಡೆದರು. ಮೂರು ದಶಕಗಳ ಆ ದುಡಿಮೆಯ ಫಲವಾದ ಸೂಚಿ 1974ರಿಂದ 1980ರವರೆಗೆ 56 ಸಂಪುಟಗಳಲ್ಲಿ ಅಚ್ಚಾಯಿತು. ಎಲ್ಲ ಪದಗಳನ್ನೂ ಎಣಿಸಿದ ಮೇಲೂ ಯಾವ ಪದವನ್ನು ಹುಡುಕಬೇಕೆಂಬ ನಿರ್ಧಾರ ಓದುಗನಿಗೇ ಉಳಿಯಿತು.

ಪದಗಳನ್ನು ಅಕಾರಾದಿಯಾಗಿ ಜೋಡಿಸದೆ ಅರ್ಥದ ನಂಟಿನಿಂದ ಜೋಡಿಸುವ ಇನ್ನೊಂದು ಪರಂಪರೆ ಭಾರತದಲ್ಲಿ ಬಹು ಹಳೆಯದು. ಸ್ವರ್ಗ, ಕಾಲ, ಭೂಮಿ, ಪುರ, ವನೌಷಧಿ ಮುಂತಾದ ವರ್ಗಗಳಾಗಿ ಪರ್ಯಾಯಪದಗಳನ್ನು ಕಟ್ಟಿಕೊಡುವ ‘ಅಮರಕೋಶ’ವನ್ನು ಕನ್ನಡನಾಡಿನ ಪಾಠಶಾಲೆಗಳಲ್ಲಿಯೂ ತಲೆಮಾರುಗಳು ಬಾಯಿಪಾಠ ಮಾಡಿವೆ. 1852ರಲ್ಲಿ ಲಂಡನ್ನಿನಲ್ಲಿ ಇಂಗ್ಲಿಷಿನ ಪ್ರಸಿದ್ಧ ಪರ್ಯಾಯಪದ ಕೋಶವನ್ನು ಪ್ರಕಟಿಸಿದ ಪೀಟರ್ ಮಾರ್ಕ್ ರೊಜೆ ತನ್ನ ಪ್ರಸ್ತಾವನೆಯಲ್ಲಿ ಕೋಲ್‌ಬ್ರೂಕ್ ಅನುವಾದದ ಅಮರಕೋಶವನ್ನು ಹೆಸರಿಸುತ್ತಾನೆ, ಆದರೆ ಅದನ್ನು ಅಪೂರ್ಣವೆಂದು ಬಗೆಯುತ್ತಾನೆ. ಈ ಬಗೆಯ ಕೋಶವನ್ನೇ ಯಂತ್ರಕ್ಕೆ ಕಲಿಸಲು ಕೇಂಬ್ರಿಜ್‌ನಲ್ಲಿ ಮಾರ್ಗರೆಟ್ ಮಾಸ್ಟರ್‌ಮನ್ 1950ರ ದಶಕದಲ್ಲಿ ಯತ್ನಿಸಿದರು. ಅವರ ಬಳಗದಲ್ಲಿ ಬೆಳೆದ ಕ್ಯಾರೆನ್ ಸ್ಪಾರ್ಕ್ ಜೋನ್ಸ್, ಎಲ್ಲ ದಾಖಲೆಗಳಲ್ಲೂ ಬರುವ ಪದಕ್ಕಿಂತ ಕೆಲವೇ ದಾಖಲೆಗಳಲ್ಲಿ ಬರುವ ಪದಕ್ಕೆ ಹುಡುಕಾಟದಲ್ಲಿ ಹೆಚ್ಚಿನ ತೂಕವಿರಬೇಕೆಂಬ ತತ್ತ್ವವನ್ನು 1972ರಲ್ಲಿ ನಿರೂಪಿಸಿದರು. ಸರಳವಾಗಿ ಕಾಣುವ ಈ ತತ್ತ್ವ ಇಂದಿಗೂ ಬಳಕೆಯಲ್ಲಿದೆ.

ಕೈಯಿಂದ ವರ್ಗೀಕರಿಸದೆ, ಗ್ರಂಥರಾಶಿಯೊಳಗಿನ ಪದಗಳ ಒಡನಾಟದಿಂದಲೇ ಅರ್ಥವನ್ನು ಅಳೆಯುವ ಮಾರ್ಗ ಬೇರೆ ಕಡೆಯಿಂದ ತೆರೆಯಿತು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಜೆರಾರ್ಡ್ ಸಾಲ್ಟನ್ ಮತ್ತು ಸಂಗಡಿಗರು ಪ್ರತಿಯೊಂದು ದಾಖಲೆಯನ್ನೂ ಒಂದು ಸದಿಶವಾಗಿ, ಅಂದರೆ ಅಂಕೆಗಳ ಒಂದು ಸಾಲಾಗಿ, ಮಾರ್ಪಡಿಸಿ ಎರಡು ಸಾಲುಗಳ ಸಾಮೀಪ್ಯವನ್ನು ಗಣಿತದಿಂದ ಲೆಕ್ಕ ಹಾಕಿದರು. ಎರಡು ದಾಖಲೆಗಳಲ್ಲಿ ಅದೇ ಪದಗಳಿಲ್ಲದಿದ್ದರೆ ಈ ಲೆಕ್ಕವೂ ಕೆಲಸ ಮಾಡುತ್ತಿರಲಿಲ್ಲ. ಒಂದೇ ವಸ್ತುವಿಗೆ ಇಬ್ಬರು ಒಂದೇ ಹೆಸರನ್ನು ಆರಿಸುವ ಸಂಭವ 100ಕ್ಕೆ 20ಕ್ಕಿಂತಲೂ ಕಡಿಮೆಯೆಂದು ಜಾರ್ಜ್ ಫರ್ನಸ್, ಸೂಸನ್ ಡ್ಯೂಮೆ ಮತ್ತು ಜೊತೆಗಾರರು 1987ರಲ್ಲಿ ತೋರಿಸಿದ ಮೇಲೆ ತೊಡಕಿನ ಗಾತ್ರ ಸ್ಪಷ್ಟವಾಯಿತು. ಇವರೇ ಸೇರಿದ್ದ ತಂಡ 1990ರಲ್ಲಿ ಪ್ರಕಟಿಸಿದ ವಿಧಾನವು ಒಂದೇ ಬಗೆಯ ಸಂದರ್ಭಗಳಲ್ಲಿ ಬರುವ ಪದಗಳನ್ನು ಹತ್ತಿರ ಹತ್ತಿರ ಇರಿಸಿ, ಕೇಳಿದ ಪದವೇ ಇಲ್ಲದ ದಾಖಲೆಯನ್ನೂ ಹೊರತೆಗೆಯಬಲ್ಲದಾಗಿತ್ತು. 2013ರ ವರ್ಡ್‌ಟುವೆಕ್, 2018ರ ಬರ್ಟ್ ಮೊದಲಾದ ಮಾದರಿಗಳು ಇದೇ ಸೂತ್ರವನ್ನು ಅಪಾರ ಪಠ್ಯಗಳ ಮೇಲೆ ತರಬೇತಿಗೊಂಡ ನರಜಾಲಗಳಿಂದ ಬೆಳೆಸಿದವು. ಇಂದಿನ ಅರ್ಥಾಧಾರಿತ ಶೋಧ ಸಾಧನವು ಸಂಗ್ರಹವನ್ನು ಚಿಕ್ಕ ಭಾಗಗಳಾಗಿ ಕತ್ತರಿಸಿ, ಒಂದೊಂದನ್ನೂ ಸದಿಶವಾಗಿಸಿ, ಪ್ರಶ್ನೆಯ ಸದಿಶಕ್ಕೆ ಸಮೀಪವಾದವುಗಳನ್ನು ಮೇಲಕ್ಕೆ ತರುತ್ತದೆ.

ಕನ್ನಡದ ಶಾಸನರಾಶಿಗೆ ಈ ಸಾಧನದ ಅಗತ್ಯ ಎಷ್ಟೆಂಬುದು ಕೆರೆಗಳ ಚರಿತ್ರೆಯಿಂದ ತಿಳಿಯುತ್ತದೆ. ಬಿ. ಎಲ್. ರೈಸ್ ಅವರು 1886ರಿಂದ ಹೊರತಂದ ‘ಎಪಿಗ್ರಾಫಿಯ ಕರ್ನಾಟಿಕ’ದ 12 ಸಂಪುಟಗಳಲ್ಲಿ ಸುಮಾರು 9,000 ಶಾಸನಗಳು ತಾಲ್ಲೂಕುವಾರಾಗಿ ಸೇರಿವೆ. ಕೆರೆ ದುರಸ್ತಿಯ ವ್ಯವಸ್ಥೆಯನ್ನು ಅಭ್ಯಸಿಸುವವನು ‘ದುರಸ್ತಿ’ ಎಂದು ಹುಡುಕಿದರೆ ಕೈಗೆ ಹತ್ತುವುದು ಅತ್ಯಲ್ಪ. ಏಕೆಂದರೆ ಶಾಸನಗಳು ಮಾತನಾಡುವುದು ಕೆರೆಯ ಪಾಲನೆಗಾಗಿ ಬಿಟ್ಟ ಭೂಮಿಯಾದ ‘ಬಿತ್ತುವಟ್ಟ’ದ ಬಗ್ಗೆ, ಕೆರೆಯನ್ನು ಕಟ್ಟಿಸಿದ ಅಥವಾ ಸರಿಪಡಿಸಿದವರಿಗೆ ಸಲ್ಲುವ ‘ಕಟ್ಟುಕೊಡಗೆ’ ಮತ್ತು ‘ದಶವಂದ’ಗಳ ಬಗ್ಗೆ. ‘ಕೆರೆ’ ಎಂದೇ ಹುಡುಕಿದರೂ ಹಳಗನ್ನಡದ ‘ಕೆಱೆ’ ತಪ್ಪಿಸಿಕೊಳ್ಳುತ್ತದೆ. ಅರ್ಥಾಧಾರಿತ ಶೋಧ ಈ ಪದಗಳನ್ನು ಒಂದೆಡೆಗೆ ತಂದರೆ, ಅಲ್ಲಿಂದ ಮುಂದೆ ಒಂದೊಂದು ಪದವನ್ನೂ ಹಿಡಿದು ಪದಸೂಚಿಯಲ್ಲಿ ನಿಖರವಾಗಿ ಎಣಿಸಬಹುದು. ಈ ಅನುಕ್ರಮವನ್ನು ಮರೆಯುವುದು ಅಪಾಯಕರ. ಪದಶೋಧವು ಪದವಿಲ್ಲದಿದ್ದಾಗ ‘ಇಲ್ಲ’ ಎನ್ನುತ್ತದೆ. ಅರ್ಥಶೋಧವಾದರೋ ಸಂಗ್ರಹದಲ್ಲಿ ಉತ್ತರವೇ ಇಲ್ಲದಿದ್ದರೂ ಇದ್ದುದರಲ್ಲಿ ಸಮೀಪವಾದುದನ್ನು ಮುಂದಿಡುತ್ತದೆ. ಒಂದು ಪದ್ಧತಿ ಇಂಥ ಕಾಲದಲ್ಲಿ ಇತ್ತೆಂದು, ಅಥವಾ ಇರಲಿಲ್ಲವೆಂದು, ಅರ್ಥಶೋಧದ ಪಟ್ಟಿಯೊಂದನ್ನೇ ನಂಬಿ ತೀರ್ಮಾನಿಸುವುದು ಚರಿತ್ರೆಯ ಬರವಣಿಗೆಗೆ ಒಪ್ಪತಕ್ಕದ್ದಲ್ಲ.

ಅರ್ಥಶೋಧಕ್ಕೆ ಬಳಸುವ ಮಾದರಿಗಳು ಬಹುಮಟ್ಟಿಗೆ ಇಂದಿನ ಭಾಷೆಯ ಪಠ್ಯಗಳಿಂದ ಕಲಿತವುಗಳಾದ್ದರಿಂದ ಹಳಗನ್ನಡದ ರೂಪಗಳೂ ಸಂಧಿಗಳೂ ಅವುಗಳಿಗೆ ಅಪರಿಚಿತವೆಂಬುದನ್ನು ಲಕ್ಷ್ಯದಲ್ಲಿಡಬೇಕು. ಆದುದರಿಂದ ಶಾಸನಗಳನ್ನು ಗಣಕಕ್ಕೆ ಏರಿಸುವವರು ಮೂಲಪಾಠದ ಜೊತೆಗೆ, ಲಿಪಿಯನ್ನೂ ಭಾಷೆಯನ್ನೂ ಬಲ್ಲವರಿಂದ ಬರೆಸಿದ ಹೊಸಗನ್ನಡದ ತಾತ್ಪರ್ಯವನ್ನು ಪ್ರತಿಯೊಂದು ಶಾಸನಕ್ಕೂ ಜೋಡಿಸಬೇಕು.