ಮನೆಯಲ್ಲೇ ಅಲಾಯ್ ಚಕ್ರಗಳ ದುರಸ್ತಿ

ಸವೆದು ಗೀರುಬಿದ್ದ ಅಲ್ಯೂಮಿನಿಯಂ ಮಿಶ್ರಲೋಹದ ಕಾರುಚಕ್ರಗಳನ್ನು ಮನೆಯಲ್ಲೇ ಉಜ್ಜಿ, ಬಣ್ಣ ಹೊಡೆದು ಹೊಸದಾಗಿಸುವ ಕೆಲಸ. ಉಡುಪಿ ಜಿಲ್ಲೆಯ ಎರ್ಮಾಳ್‌ನಂಥ ಊರುಗಳಲ್ಲಿ, ಅಂದರೆ ರಾಷ್ಟ್ರೀಯ ಹೆದ್ದಾರಿ 66ಕ್ಕೂ ಅರಬ್ಬಿ ಸಮುದ್ರಕ್ಕೂ ಹೆಚ್ಚು ಅಂತರವಿಲ್ಲದ ಕಡೆ, ಇದರ ಅಗತ್ಯ ಬೇಗ ಬರುತ್ತದೆ. ಜಲ್ಲಿ ತಾಗಿ ಲ್ಯಾಕರ್ ಒಡೆದಲ್ಲಿ ಉಪ್ಪಿನ ತೇವ ಒಳಹೊಕ್ಕು, ಪದರದಡಿ ಹುಳ ಹರಿದ ಜಾಡಿನಂತೆ ಬಿಳಿ ಎಳೆಗಳು ಹಬ್ಬುತ್ತವೆ. ಕಬ್ಬಿಣದ ಕೆಂಪು ತುಕ್ಕು ಇದಲ್ಲ. ಉಜ್ಜಿದರೆ ಬಿಳಿ ಪುಡಿ ಉದುರುತ್ತದೆ.

ಚಕ್ರ ಬಿಚ್ಚಿ ಸೋಪುನೀರಿನಲ್ಲಿ ತೊಳೆದು, ಬಿಳಿ ಎಳೆ ಮುಗಿದು ಗಟ್ಟಿ ಬಣ್ಣ ಸಿಗುವವರೆಗೂ ನೀರು ಹಾಕಿ ಎಮರಿ ಪೇಪರಿನಿಂದ ಉಜ್ಜಬೇಕು: ಮೊದಲು 240 ನಂಬರಿನದು, ಆಮೇಲೆ 400, ಕೊನೆಗೆ 800. ಅವಸರದಲ್ಲಿ ಒಂದೆಳೆ ಉಳಿದರೂ ಹೊಸ ಬಣ್ಣದಡಿ ಅದು ಮತ್ತೆ ಹಬ್ಬುತ್ತದೆ. ಗೀರುಗಳಿಗೆ ಪುಟ್ಟಿ ತುಂಬಿ, ಥಿನ್ನರಿನಿಂದ ಒರೆಸಿ, ಟಯರಿಗೆ ಟೇಪು ಅಂಟಿಸಿ, ಪ್ರೈಮರ್, ಬಣ್ಣ, ಲ್ಯಾಕರ್‌ಗಳನ್ನು ತೆಳುವಾಗಿ ಹಲವು ಸಲ ಹೊಡೆಯುವುದು ಕ್ರಮ. ನಟ್ಟು ಕೂರುವ ಕುಳಿಗೂ ಹಬ್‌ಗೆ ತಾಗುವ ಹಿಂಭಾಗಕ್ಕೂ ಬಣ್ಣ ತಾಗಬಾರದು. ಅಲ್ಲಿ ದಪ್ಪ ಬಣ್ಣವಿದ್ದರೆ ಬಿಗಿದ ನಟ್ಟು ಸಡಿಲವಾಗುವ ಅಪಾಯವಿದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯಲ್ಲಿ ಈ ಕೆಲಸಕ್ಕೆ ಕೈಹಾಕದಿರುವುದೇ ಲೇಸು. ಗಾಳಿಯ ತೇವಕ್ಕೆ ಲ್ಯಾಕರ್ ಹಾಲಿನಂತೆ ಮಂಕಾಗುತ್ತದೆ.

ಲೇತಿನಲ್ಲಿ ಹೊಳಪು ಕೊಟ್ಟ 'ಡೈಮಂಡ್ ಕಟ್' ಚಕ್ರಗಳ ಮೂಲರೂಪ ಮನೆಯಲ್ಲಿ ಮರಳಿ ಬಾರದು. ಬಿರುಕುಬಿಟ್ಟ ಅಥವಾ ಬಾಗಿದ ಚಕ್ರಕ್ಕೆ ಪುಟ್ಟಿ ಬಳಿದು ಓಡಿಸುವುದು ಜೀವದ ಜತೆ ಆಟ. ಜೋಡಿಸಿ ಸುಮಾರು 100 ಕಿ.ಮೀ. ಓಡಿದ ಮೇಲೆ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ನೋಡಬೇಕು.